ಚುಕ್ಕಾಣಿಯ ಭಾರ

‘ಚುಕ್ಕಾಣಿ’ ಕಡಲಿನಿಂದ ಬಂದ ಪದ. ಅರಬ್ಬಿಯ ‘ಸುಕ್ಕಾನ್’ ಹಡಗುಗಳೊಡನೆ ನಮ್ಮ ಕರಾವಳಿಗೆ ಬಂದು ಕನ್ನಡದಲ್ಲಿ ಚುಕ್ಕಾಣಿಯಾಯಿತು, ತಮಿಳಿನಲ್ಲಿ ಚುಕ್ಕಾನ್ ಆಯಿತು, ನಾವು ವಾಸಿಸುವ ಈ ನಾಡಿನ ಮರಾಠಿಯಲ್ಲಿ ಸುಕಾಣೂ ಆಯಿತು. ಅಧಿಕಾರದ ಚುಕ್ಕಾಣಿ ಹಿಡಿಯುವ ಮಾತು ಪತ್ರಿಕೆಗಳಲ್ಲಿ ದಿನವೂ ಕಾಣುತ್ತದೆ. ಕಾರಿನ ಚುಕ್ಕಾಣಿ ಎಂದು ಮಾತ್ರ ಯಾವ ಗ್ಯಾರೇಜಿನವನೂ ಹೇಳುವುದಿಲ್ಲ. ಅಲ್ಲಿ ಅದು ಸ್ಟೇರಿಂಗು. ಇದನ್ನು ನಾವು ಭಾಷೆಯ ಬಡತನವೆನ್ನಲಾರೆವು. ನೆಲದ ಮೇಲೆ ಉರುಳುವ ನಮ್ಮ ಬಂಡಿಗಳಿಗೆ ಅಂಥ ಅಂಗವೇ ಇರಲಿಲ್ಲ. ಇಲ್ಲದ ಅಂಗಕ್ಕೆ ಹೆಸರೆಲ್ಲಿಂದ ಬರಬೇಕು?

ಎತ್ತಿನ ಗಾಡಿಗೆ ಎರಡೇ ಗಾಲಿ. ಎತ್ತು ತಿರುಗಿದರೆ ಗಾಡಿ ತಿರುಗಿತು. ದೇವರ ತೇರಿಗೆ ನಾಲ್ಕು, ಆರು ಗಾಲಿಗಳಿದ್ದರೂ ಅಚ್ಚು ತಿರುಗುವಂಥದ್ದಲ್ಲ. ಹಗ್ಗ ಎಳೆಯುವವರು ಸಾವಿರ ಜನರಿದ್ದರೂ ತೇರು ಎತ್ತ ಹೊರಳಬೇಕೆಂಬುದನ್ನು ನಿರ್ಧರಿಸುವವರು ಗಾಲಿಯ ಪಕ್ಕದಲ್ಲೇ ಬಗ್ಗಿ ನಡೆಯುತ್ತ ಮರದ ಬೆಣೆಗಳನ್ನು ಒಡ್ಡುವ ನಾಲ್ಕಾರು ಮಂದಿ. ಒಂದು ಬದಿಯ ಗಾಲಿಗೆ ಬೆಣೆ ಕೊಟ್ಟರೆ ಅದು ತಡೆದು ನಿಲ್ಲುತ್ತದೆ, ಇನ್ನೊಂದು ಬದಿ ಮುಂದೆ ಸರಿಯುತ್ತದೆ, ತೇರು ಹೊರಳುತ್ತದೆ. ಬೆಣೆ ಜಾರಿದರೆ ಏನಾಗುತ್ತದೆಂಬುದನ್ನು ಜಾತ್ರೆಯ ಊರುಗಳಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ದಿಕ್ಕು ಹಿಡಿಯುವ ಕೆಲಸಕ್ಕೂ ಎಳೆಯುವ ಬಲಕ್ಕೂ ಇರುವ ಈ ಅಸಮ ಸಂಬಂಧ ಮುಂದೆ ಮೋಟಾರಿನ ಕಥೆಯಲ್ಲಿಯೂ ಮತ್ತೆ ಕಾಣಿಸಿಕೊಳ್ಳುತ್ತದೆ.

ನಾಲ್ಕು ಗಾಲಿಯ ವಾಹನ ತಿರುಗುವಾಗ ಒಳಬದಿಯ ಗಾಲಿ ಚಿಕ್ಕ ವೃತ್ತದಲ್ಲಿಯೂ ಹೊರಬದಿಯದು ದೊಡ್ಡ ವೃತ್ತದಲ್ಲಿಯೂ ಚಲಿಸಬೇಕು. ಆದ್ದರಿಂದ ಒಳಗಾಲಿ ಹೆಚ್ಚು ಕೋನದಲ್ಲಿ ತಿರುಗಬೇಕು. ಇಲ್ಲವಾದರೆ ಒಂದು ಗಾಲಿ ನೆಲಕ್ಕೆ ಉಜ್ಜುತ್ತ ಸಾಗುತ್ತದೆ. ಈ ಸಮಸ್ಯೆಗೆ ಸನ್ನೆಗಳ ಜೋಡಣೆಯಿಂದ ಪರಿಹಾರ ಕಂಡವನು ಮ್ಯೂನಿಕ್ ನಗರದ ಸಾರೋಟು ತಯಾರಕ ಗೇಯೋರ್ಗ್ ಲಾಂಕೆನ್‌ಸ್ಪೆರ್ಗರ್. ಅವನ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದವನು ರುಡಾಲ್ಫ್ ಆಕರ್‌ಮನ್. ಲಂಡನ್ನಿನಲ್ಲಿ ಚಿತ್ರಪಟಗಳನ್ನೂ ಪುಸ್ತಕಗಳನ್ನೂ ಪ್ರಕಟಿಸಿ ಮಾರುತ್ತಿದ್ದ ವ್ಯಾಪಾರಿ. ಇಂದಿಗೂ ಜಗತ್ತಿನ ಇಂಜಿನಿಯರುಗಳೆಲ್ಲ ಅದನ್ನು ‘ಆಕರ್‌ಮನ್ ಜ್ಯಾಮಿತಿ’ ಎಂದೇ ಕರೆಯುತ್ತಾರೆ. ಬರೆದವನ ಹೆಸರು ಅಳಿದು ಪ್ರಕಾಶಕನ ಹೆಸರು ಉಳಿದ ಇಂಥ ಇನ್ನೊಂದು ನಿದರ್ಶನ ಸಾಹಿತ್ಯದಲ್ಲಿಯೂ ನಮಗೆ ಥಟ್ಟನೆ ಹೊಳೆಯುತ್ತಿಲ್ಲ.

ಮೊದಲ ಮೋಟಾರುಗಳಿಗೆ ದೋಣಿಯ ಚುಕ್ಕಾಣಿಯಂಥ ಹಿಡಿಗೋಲೇ ಇತ್ತು. 1894ರ ಪ್ಯಾರಿಸ್–ರೂಆಂ ಓಟದಲ್ಲಿ ಆಲ್ಫ್ರೆಡ್ ವಾಷೆರೋಂ ತನ್ನ ಪನಾರ್ ಬಂಡಿಗೆ ದುಂಡು ಚಕ್ರ ತೊಡಿಸಿಕೊಂಡು ಬಂದ. ಹಿಡಿಗೋಲಿನಲ್ಲಿ ಗಾಲಿಯ ಪ್ರತಿ ಅದುರೂ ಕೈಗೆ ನೇರವಾಗಿ ತಟ್ಟುತ್ತದೆ. ಕಲ್ಲೊಂದು ತಾಗಿದರೆ ಗೋಲು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಚಕ್ರದ ಕೆಳಗೆ ಗೇರುಗಳನ್ನು ಇಡಬಹುದು. ಚಾಲಕನ ಅಲ್ಪ ಬಲವನ್ನು ಹಿಗ್ಗಿಸಬಹುದು, ರಸ್ತೆಯ ಪೆಟ್ಟನ್ನು ಕುಗ್ಗಿಸಬಹುದು. ವೇಗ ಹೆಚ್ಚಿದಂತೆ ಹಿಡಿಗೋಲು ಮರೆಯಾದದ್ದು ಈ ಕಾರಣದಿಂದ. ವೇಗ ಹೆಚ್ಚಿಲ್ಲದ ಆಟೋರಿಕ್ಷಾದಲ್ಲಿ ಅದರ ತಮ್ಮನೆನ್ನಬಹುದಾದ ಹ್ಯಾಂಡಲು ಇನ್ನೂ ಬಾಳುತ್ತಿದೆ. ಆಕುರ್ಡಿಯ ಬಜಾಜ್ ಕಾರ್ಖಾನೆಯ ಹೆಸರಿನೊಡನೆ ಬೆಳೆದ ಪುಣೆಯವರಿಗೆ ಅದು ನಿತ್ಯದ ನೋಟ.

ಚಕ್ರದ ಕೆಳಗಣ ಗೇರಿನಲ್ಲಿ ಎರಡು ಮನೆತನಗಳು. ಒಂದು ವರ್ಮ್ ಪೆಟ್ಟಿಗೆ: ತಿರುಪಿನಂಥ ದಂಡ ತಿರುಗಿ ಹಲ್ಲಿನ ತುಂಡೊಂದನ್ನು ನಿಧಾನವಾಗಿ ದೂಡುತ್ತದೆ. ಇನ್ನೊಂದು ರ‍್ಯಾಕ್ ಮತ್ತು ಪಿನಿಯನ್: ಪುಟ್ಟ ಹಲ್ಲುಗಾಲಿ ತಿರುಗಿ ಹಲ್ಲಿನ ಸರಳನ್ನು ಎಡಬಲಕ್ಕೆ ಸರಿಸುತ್ತದೆ. ಮೊದಲನೆಯದು ತಾಳಿಕೆಯದು, ಆದರೆ ಹಲವು ಕೀಲುಗಳ ಸವಕಲು ಸೇರಿ ಕೈಗೆ ಮಂಕಾಗುತ್ತದೆ. ಎರಡನೆಯದು ಹಗುರ, ನೇರ. ರಸ್ತೆಯ ಸುದ್ದಿಯನ್ನು ಬಚ್ಚಿಡದೆ ಹೇಳುತ್ತದೆ.

ಹಳೆಯ ಭಾರತದಲ್ಲಿ ಯಾವ ಕಾರಿಗೆ ಯಾವುದಿತ್ತು ಎಂದು ಕೇಳಿದರೆ ಹಲವರು ತಪ್ಪು ಹೇಳುತ್ತಾರೆ. ಆನೆಯಂತೆ ಹೊರಳುವ ಅಂಬಾಸಿಡರಿಗೆ ಇದ್ದದ್ದು ರ‍್ಯಾಕ್ ಮತ್ತು ಪಿನಿಯನ್. ಅದರ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಅದನ್ನು 1948ರಲ್ಲೇ ಪಡೆದಿತ್ತು. ಚುರುಕಿನ ಕಾರೆಂದು ಮುಂಬಯಿ–ಪುಣೆಯವರು ಮೆಚ್ಚಿಕೊಂಡ ಫಿಯಟ್ 1100, ಅಂದರೆ 1974ರಿಂದ ಪ್ರೀಮಿಯರ್ ಪದ್ಮಿನಿ, ವರ್ಮ್ ಪೆಟ್ಟಿಗೆಯದು. ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ರ‍್ಯಾಕಿನ ಕಾರಷ್ಟೇ ಅಲ್ಲ, 25 ಅಡಿಯ ವೃತ್ತದಲ್ಲಿ ಹಿಂದಿರುಗುತ್ತಿತ್ತು. ಲಂಡನ್ನಿನ ಟ್ಯಾಕ್ಸಿಗಷ್ಟೇ ಒಲಿದಿದ್ದ ವಿದ್ಯೆ ಅದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಅದೇ ರ‍್ಯಾಕನ್ನು ಅರ್ಧ ಭಾರದ ಕಾರಿಗೆ ಅಳವಡಿಸಿ, ಗೃಹಿಣಿಯರೂ ವೃದ್ಧರೂ ಒಂದೇ ಕೈಯಲ್ಲಿ ತಿರುಗಿಸುವಂತೆ ಮಾಡಿತು. ಪವರ್ ಸ್ಟೀರಿಂಗ್ ಎಂಬುದು ಅಮೆರಿಕದಲ್ಲಿ ಹುಟ್ಟಿದ್ದೇನೋ 1920ರ ದಶಕದಲ್ಲಿ. ಫ್ರಾನ್ಸಿಸ್ ಡೇವಿಸ್ ಅದನ್ನು ಪಿಯರ್ಸ್-ಆರೋ ಕಾರಿನಲ್ಲಿ ಓಡಿಸಿ ತೋರಿಸಿದ. ಆದರೆ ಮಾರಾಟದ ಕಾರಿಗೆ ಅದು ಬಂದದ್ದು 1951ರ ಕ್ರೈಸ್ಲರಿನಲ್ಲಿ. ನಮ್ಮ ಮಧ್ಯಮವರ್ಗದ ಮನೆಗೆ ಬರಲು ಮತ್ತೆ ನಾಲ್ಕೈದು ದಶಕ ಹಿಡಿಯಿತು. 1998ರಲ್ಲಿ ನಮ್ಮೂರಿನ ಪಕ್ಕದ ಪಿಂಪ್ರಿಯಲ್ಲಿ ತಯಾರಾದ ಟಾಟಾ ಇಂಡಿಕಾದ ಆರಂಭದ ಅಗ್ಗದ ಮಾದರಿಗಳಿಗೂ ಅದು ಇರಲಿಲ್ಲ.

ಈ ಕಾರುಗಳಲ್ಲಿ ಕೆಲವು ನೇರ ದಾರಿಯ ಓಟಕ್ಕೆ ಇಳಿಯುತ್ತವೆ ಎಂಬಲ್ಲಿಂದ ನಮ್ಮ ಪ್ರಸ್ತಾಪದ ತಿರುಳು ಆರಂಭವಾಗುತ್ತದೆ. ಡ್ರ‍್ಯಾಗ್ ಓಟವೆಂದರೆ ನಿಂತಲ್ಲಿಂದ ಹೊರಟು ಕಾಲು ಮೈಲು, 1,320 ಅಡಿ, ಸುಮಾರು 402 ಮೀಟರನ್ನು ಯಾರು ಮೊದಲು ಮುಗಿಸುತ್ತಾರೆಂಬ ಸ್ಪರ್ಧೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬರಿದಾದ ವಿಮಾನ ಓಡುದಾರಿಗಳು ಇದಕ್ಕೆ ನೆಲೆ ಕೊಟ್ಟವು. ಕ್ಯಾಲಿಫೋರ್ನಿಯದ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ 1950ರಲ್ಲಿ ಕ್ರಮಬದ್ಧ ಓಟಗಳು ಶುರುವಾದವು; ಬೀದಿಯಲ್ಲಿ ಸಾಯುತ್ತಿದ್ದ ಹುಡುಗರನ್ನು ನಿಯಮದೊಳಗೆ ತರಲು ವಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಕಟ್ಟಿದರು. ನಮ್ಮಲ್ಲಿಯೂ ಮದರಾಸಿನ ಉತ್ತರಕ್ಕೆ ಯುದ್ಧಕಾಲದಲ್ಲಿ ಮಾಡಿದ ಶೋಲಾವರದ ಓಡುದಾರಿಯೇ ದಶಕಗಳ ಕಾಲ ದೇಶದ ಮೋಟಾರು ಓಟದ ತವರಾಗಿತ್ತು; ಬೆಂಗಳೂರಿನ ಚಾಲಕರೂ ಮೆಕ್ಯಾನಿಕರೂ ಅಲ್ಲಿಗೇ ಹೋಗುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಪುಣೆ ಜಿಲ್ಲೆಯ ಆಂಬಿ ವ್ಯಾಲಿಯ ಓಡುದಾರಿಯಲ್ಲಿ ‘ದಿ ವ್ಯಾಲಿ ರನ್’ ನಡೆದಿದೆ. ಲಕ್ಷಾಂತರ ಡಾಲರಿನ ಕಾರುಗಳ ನಡುವೆ ಹುರಿಗೊಳಿಸಿದ ಪದ್ಮಿನಿಯೋ ಮಾರುತಿಯೋ ನಿಂತಿದ್ದರೆ, ನಮ್ಮ ಕಣ್ಣು ಹೋಗುವುದು ಅದರ ಕಡೆಗೇ.

ಓಟದ ದಿನಕ್ಕಷ್ಟೇ ಮೀಸಲಾದ ಕಾರಿಗೆ ಸಮಸ್ಯೆ ಸರಳ. ಓಟದ ಕಾರೂ ಅದೇ, ಮರುದಿನ ಲಕ್ಷ್ಮೀ ರಸ್ತೆಯ ಜನಜಂಗುಳಿಯಲ್ಲಿ ತರಕಾರಿ ಚೀಲ ಹೊರುವ ಕಾರೂ ಅದೇ ಎಂದಾದರೆ ಕಷ್ಟ. ಓಟದವನು ಮೊದಲು ಪವರ್ ಸ್ಟೀರಿಂಗನ್ನು ಕಿತ್ತೊಗೆಯಲು ಬಯಸುತ್ತಾನೆ: ಪಂಪು, ಕೊಳವೆ, ಎಣ್ಣೆ ಎಲ್ಲವೂ ಮುಂಭಾಗದ ಮೇಲಿನ ಭಾರ, ಪಂಪು ಇಂಜಿನ್ನಿನ ಶಕ್ತಿಯನ್ನೂ ತಿನ್ನುತ್ತದೆ. ಬೆಲ್ಟು ಬಿಚ್ಚಿಬಿಟ್ಟರೆ ಸಾಕೆಂದು ತಿಳಿಯುವವರು ಬಹಳ. ಹಾಗೆ ಬಿಚ್ಚಿದ ಪವರ್ ರ‍್ಯಾಕು ಮೂಲತಃ ಕೈಬಲಕ್ಕೆಂದೇ ಮಾಡಿದ ರ‍್ಯಾಕಿಗಿಂತ ಭಾರವಾಗಿರುತ್ತದೆ. ಅದರ ಗೇರಿನ ಅನುಪಾತ ಶೀಘ್ರದ್ದು. ಮೇಲಾಗಿ ಒಳಗೆ ಉಳಿದ ಎಣ್ಣೆಯನ್ನು ಚಾಲಕನ ತೋಳೇ ತಳ್ಳಬೇಕು. ಆದ್ದರಿಂದ ಬಲ್ಲವರು ಕೈಬಲದ ರ‍್ಯಾಕನ್ನೇ ಹುಡುಕುತ್ತಾರೆ. ಅಮೆರಿಕದವರಿಗೆ 1971ರ ಫೋರ್ಡ್ ಪಿಂಟೋ, 1974ರ ಮಸ್ಟಾಂಗ್ ಎರಡನೆಯ ತಲೆಮಾರಿನ ಕಾರು ಈ ಬಿಡಿಭಾಗದ ಗಣಿಯಾದವು. ಹೊಸದಾಗಿ ಮಾರುವಾಗ ಯಾರೂ ಅಷ್ಟೇನೂ ಹೊಗಳದ ಕಾರುಗಳು ಗುಜರಿಗೆ ಬಂದ ಮೇಲೆ ಪೂಜ್ಯವಾದವು.

ಅನುಪಾತದ ಲೆಕ್ಕವನ್ನು ಸ್ವಲ್ಪ ನೋಡೋಣ. ಗಾಲಿಗಳು ಒಂದು ತುದಿಯಿಂದ ಇನ್ನೊಂದು ತುದಿಗೆ 70 ಡಿಗ್ರಿ ತಿರುಗುತ್ತವೆಂದಿಟ್ಟುಕೊಂಡರೆ, 20ಕ್ಕೆ 1ರ ಅನುಪಾತದಲ್ಲಿ ಕೈಚಕ್ರವನ್ನು 1,400 ಡಿಗ್ರಿ, ಅಂದರೆ ನಾಲ್ಕಕ್ಕೆ ಕೊಂಚ ಕಡಿಮೆ ಸುತ್ತು ತಿರುಗಿಸಬೇಕು. 15ಕ್ಕೆ 1 ಆದರೆ ಮೂರಕ್ಕೆ ಕೊಂಚ ಕಡಿಮೆ. ಮೊದಲನೆಯದು ಹಗುರ, ಎರಡನೆಯದು ಚುರುಕು. ಜೊತೆಗೆ ಅಂದಕ್ಕೆಂದು 15 ಅಂಗುಲದ ಚಕ್ರ ತೆಗೆದು 13 ಅಂಗುಲದ್ದನ್ನು ಹಾಕಿದರೆ ಬೇಕಾಗುವ ಬಲ ನೂರಕ್ಕೆ 15ರಷ್ಟು ಏರುತ್ತದೆ. ಓಟದ ಕಾರು ನೇರವಾಗಿ ಹೋಗಲೆಂದು ಮುಂಗಾಲಿಯ ಹಿಂದೊರಗನ್ನು, ಕ್ಯಾಸ್ಟರ್ ಎನ್ನುತ್ತಾರೆ, ಹೆಚ್ಚಿಸಿದರೆ ಮತ್ತೆ ಭಾರ. ನೇರ ದಾರಿಯಲ್ಲಿ ಮುಂಗಾಲಿಗಳನ್ನು ತಿರುಗಿಸುವುದೇ ಕಡಿಮೆ. ಆದ್ದರಿಂದ ಅಲ್ಲಿ ನಿಧಾನದ ಅನುಪಾತವೇ ಕ್ಷೇಮ. ಗಾಬರಿಯಲ್ಲಿ ಕೈ ಅಲುಗಿದರೂ ಕಾರು ಅಲುಗದು. ಬೀದಿಗೂ ನಿಧಾನದ್ದೇ ಹಗುರ. ಇದರಲ್ಲಿ ನಾವು ಹಿಂಜರಿಯದೆ ನಿಧಾನದ ಪಕ್ಷ. ಶೀಘ್ರದ ರ‍್ಯಾಕು ತಿರುವುಗಳ ಓಟದವರಿಗಿರಲಿ.

ಹೆಚ್ಚಿನ ಅಪಾಯ ಅನುಪಾತದಲ್ಲಿಲ್ಲ, ಜೋಡಣೆಯಲ್ಲಿದೆ. ರ‍್ಯಾಕಿನ ತುದಿಯ ಕೀಲುಗಳು ಅಮಾನತಿನ ತೋಳುಗಳ ಕೀಲುಗಳೊಡನೆ ಹೊಂದಿಕೊಳ್ಳದಿದ್ದರೆ, ಗಾಲಿ ಮೇಲೆ ಕೆಳಗೆ ಆಡಿದಾಗಲೆಲ್ಲ ತಾನಾಗಿಯೇ ಎಡಕ್ಕೋ ಬಲಕ್ಕೋ ತಿರುಗುತ್ತದೆ. ಚಾಲಕ ಚಕ್ರವನ್ನು ಅಲುಗಿಸದೆ ಹಿಡಿದಿದ್ದರೂ ಸರಿ. ಡ್ರ‍್ಯಾಗ್ ಕಾರು ಹೊರಟ ಕ್ಷಣದಲ್ಲಿ ಭಾರವೆಲ್ಲ ಹಿಂದಕ್ಕೆ ಸರಿದು ಮೂಗು ಮೇಲೇಳುತ್ತದೆ. ಆಗ ಮುಂಗಾಲಿಗೆ ನೆಲದ ಹಿಡಿತವಿಲ್ಲ, ಹೊರಳಿದ್ದೂ ಗೊತ್ತಾಗದು. ಗೇರು ಬದಲಿಸಿದಾಗ ಮೂಗು ಇಳಿದು ಗಾಲಿ ನೆಲ ಮುಟ್ಟಿದ ಕ್ಷಣದಲ್ಲಿ ಅದು ತೋರುತ್ತಿದ್ದ ದಿಕ್ಕೇ ಕಾರಿನ ದಿಕ್ಕಾಗುತ್ತದೆ. ವಿರಾಟನಗರದ ಉತ್ತರಕುಮಾರನಿಗೆ ಬೃಹನ್ನಳೆಯಂಥ ಸಾರಥಿ ಸಿಕ್ಕಿದ್ದ. ಇಲ್ಲಿ ಸಾರಥಿಯ ಕೈಯನ್ನೇ ಮೀರಿ ರಥ ತಿರುಗುತ್ತದೆ.

ಇನ್ನೊಂದು, ಕಂಬ. 1950ರ ದಶಕದ ವಿನ್ಯಾಸಗಳಲ್ಲಿ ಚಕ್ರದಿಂದ ಗೇರಿನ ಪೆಟ್ಟಿಗೆಯವರೆಗೆ ಚಾಚಿದ ಉಕ್ಕಿನ ದಂಡ ಅಪಘಾತದಲ್ಲಿ ಈಟಿಯಾಗುತ್ತಿತ್ತು. ರಾಲ್ಫ್ ನೇಡರ್ ತಮ್ಮ 1965ರ ಪುಸ್ತಕದಲ್ಲಿ ಈ ವಿಷಯವನ್ನು ಬಿಡದೆ ಎತ್ತಿದರು. 1968ರ ಜನವರಿಯಿಂದ ಅಮೆರಿಕದ ಹೊಸ ಕಾರುಗಳಿಗೆ ಕುಸಿಯುವ ಕಂಬ ಕಡ್ಡಾಯವಾಯಿತು. ರ‍್ಯಾಕು ಬದಲಿಸುವವನು ಕಂಬವನ್ನೂ ಕೂಡುಕೀಲುಗಳನ್ನೂ ಬದಲಿಸಬೇಕಾಗುತ್ತದೆ. ಕುಸಿಯುವ ಗುಣವನ್ನು ಅಲ್ಲಿ ಗಳಿಸಬಹುದು, ಬೆಸುಗೆ ಹಾಕಿ ಕಳೆಯಲೂಬಹುದು.

ಪುಣೆಯಲ್ಲಿ ಈ ಕೆಲಸದ ಎರಡು ತುದಿಗಳೂ ಇವೆ. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಲ್ಲಿ, ಬುಧವಾರ ಭಾನುವಾರ ಕೂಡುವ ಜುನಾ ಬಜಾರಿನ ನೆಲದ ಮೇಲೆ, ಯಾವ ಕಾರಿನದೋ ರ‍್ಯಾಕು ಯಾವ ಕಾರಿಗೋ ಕಾಯುತ್ತಿರುತ್ತದೆ. ಹಿಂದಣ ಓಣಿಯ ಲೇತಿನಲ್ಲಿ ಅದಕ್ಕೆ ಕೂಡುಕೀಲು ಕಡೆಯುತ್ತಾರೆ. ಅಂಥ ಒಂದು ಲೇತಿನ ಮೈಮೇಲೆ ಹರಿಹರದ ಮೈಸೂರು ಕಿರ್ಲೋಸ್ಕರ್ ಹೆಸರನ್ನು ಓದಿ ನಾವು ಸುಮ್ಮನೆ ಹಿಗ್ಗಿದ್ದುಂಟು. ಊರಿನ ಇನ್ನೊಂದು ತುದಿಯ ವೇತಾಳ ಟೇಕಡಿಯ ಮೇಲೆ, 1966ರಲ್ಲಿ ಸ್ಥಾಪನೆಯಾದ ಭಾರತೀಯ ಆಟೊಮೋಟಿವ್ ಸಂಶೋಧನಾ ಸಂಸ್ಥೆಯಲ್ಲಿ, ಹೊಸ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಗುಡ್ಡದ ಮೇಲಿನವರಿಗೂ ಪೇಠೆಯವರಿಗೂ ನಡುವೆ ಕಾನೂನಿದೆ. ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಕುರಿತು, ಕೇರಳದಿಂದ ಬಂದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತು, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದಿತು. ಓಡುದಾರಿಗೆ ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗುವ ಕಾರಿನ ಮಾತು ಬೇರೆ. ಅದೇ ಕಾರನ್ನು ಬೀದಿಗಿಳಿಸುವವನು ಈ ತೀರ್ಪನ್ನೂ ವಿಮೆಯ ಪತ್ರವನ್ನೂ ಮೊದಲು ಓದಿಕೊಳ್ಳಬೇಕು. ಅದೇ ತಯಾರಕರು ಅದೇ ಮಾದರಿಯ ಅಗ್ಗದ ಕಾರಿಗೆ ಕೊಟ್ಟಿದ್ದ ಕೈಬಲದ ರ‍್ಯಾಕನ್ನು ಹುಡುಕುವುದು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ವಿವೇಕದ ದಾರಿ: ಕೀಲುಗಳ ಹೊಂದಾಣಿಕೆ ತಯಾರಕರದೇ, ಕಂಬವೂ ಅವರದೇ.

ಕೇಂದ್ರ ಮೋಟಾರು ವಾಹನ ನಿಯಮಗಳ 98ನೆಯ ನಿಯಮ ಕೈಚಕ್ರದಲ್ಲಿ 30 ಡಿಗ್ರಿಯವರೆಗಿನ ಸಡಿಲವನ್ನು ಸಹಿಸುತ್ತದೆ. 15ಕ್ಕೆ 1ರ ರ‍್ಯಾಕಿನಲ್ಲಿ ಅದು ಗಾಲಿಯ 2 ಡಿಗ್ರಿ. ಲಕ್ಷ್ಮೀ ರಸ್ತೆಯಲ್ಲಿ ಆ 2 ಡಿಗ್ರಿ ಯಾರಿಗೂ ತಿಳಿಯದು. ಕಾಲು ಮೈಲಿನ ಕೊನೆಯಲ್ಲಿ ಗಂಟೆಗೆ 160 ಕಿಲೋಮೀಟರಿನ ಕಾರು ಸೆಕೆಂಡಿಗೆ 44 ಮೀಟರು ಕ್ರಮಿಸುತ್ತಿರುತ್ತದೆ. ಪಕ್ಕದ ಸಾಲಿನಲ್ಲಿ ಇನ್ನೊಂದು ಕಾರು ಇರುತ್ತದೆ.