ಅರಸರ ಒಪ್ಪ: ಹಸ್ತಾಕ್ಷರ ಸಂಗ್ರಹವೂ ದಾಖಲೆಯ ಅಖಂಡತೆಯೂ

ಹಸ್ತಾಕ್ಷರ ಬೇಡಿ ಬಂದವರಿಂದ ಗಾಂಧೀಜಿಯವರು ಐದು ರೂಪಾಯಿ ಪಡೆದು ಹರಿಜನ ನಿಧಿಗೆ ಸೇರಿಸುತ್ತಿದ್ದುದು ಪ್ರಸಿದ್ಧವಾಗಿದೆ. ಅಂತಹ ಸಹಿ ಸಂಗ್ರಹಕಾರನಿಗಾಗಿಯೇ ಹಾಕಿದ್ದು. ಪುಸ್ತಕದ ಹಾಳೆಯೇ ಅದರ ನೆಲೆ. ಹಿಂದಿನ ಅರಸರ ಸಹಿಯ ಸಂಗತಿ ಬೇರೆ. ಶಾಸನಗಳಲ್ಲಿ 'ಒಪ್ಪ' ಎನಿಸಿಕೊಳ್ಳುವ ಅದು ದಾನವನ್ನೋ ಆಜ್ಞೆಯನ್ನೋ ಊರ್ಜಿತಗೊಳಿಸಲು ಬರೆದುದು.

ಕರ್ನಾಟಕದ ಅರಸರ ಒಪ್ಪಕ್ಕೆ ಒಂದು ವೈಶಿಷ್ಟ್ಯವುಂಟು. ವಿಜಯನಗರದ ತಾಮ್ರಶಾಸನಗಳ ಕೊನೆಯಲ್ಲಿ ದೊರೆಯ ಹೆಸರಿಗೆ ಬದಲಾಗಿ ಕನ್ನಡ ಲಿಪಿಯಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತದೆ. ಮೈಸೂರು ಒಡೆಯರ ಒಪ್ಪ 'ಶ್ರೀ ಕೃಷ್ಣ'. ಹೈದರ್ ಅಲಿ ತನ್ನ ಹೆಸರಿನ ಪರ್ಷಿಯನ್ ಮೊದಲಕ್ಷರವನ್ನಷ್ಟೇ ತಿರುವಿ ಬರೆಯುತ್ತಿದ್ದನೆಂದು ಹೇಳಲಾಗಿದೆ. ದೇವರ ಹೆಸರಿನ ಒಪ್ಪವನ್ನು ಹಲವು ಅರಸರು ಬಳಸಿರುವುದರಿಂದ, ಅದು ಯಾರದೆಂಬುದನ್ನು ಪತ್ರದ ಒಕ್ಕಣೆ, ತೇದಿ ಮತ್ತು ಮುದ್ರೆಗಳೇ ತಿಳಿಸಬೇಕು. ಕತ್ತರಿಸಿ ತೆಗೆದ 'ಶ್ರೀ ಕೃಷ್ಣ' ಅರಸನ ಗುರುತನ್ನು ಕಳೆದುಕೊಂಡು ಬರಿಯ ದೇವನಾಮವಾಗಿ ಉಳಿಯುತ್ತದೆ. ಒಪ್ಪ ಕಳೆದುಕೊಂಡ ಸನ್ನದೂ ತನ್ನ ಪ್ರಾಮಾಣ್ಯವನ್ನು ಕಳೆದುಕೊಳ್ಳುತ್ತದೆ.

ಅಖಂಡವಾಗಿ ಉಳಿದ ಪತ್ರಗಳ ಬೆಲೆಗೆ ಶೃಂಗೇರಿ ಮಠವೇ ನಿದರ್ಶನ. 1916ರಲ್ಲಿ ಆರ್. ನರಸಿಂಹಾಚಾರ್ಯರು ಅಲ್ಲಿ ಗುರುತಿಸಿದ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳಿಂದ, 1791ರ ಮರಾಠಾ ಸೇನೆಯ ದಾಳಿಯ ತರುವಾಯ ಅವನು ಮಠಕ್ಕೆ ನೀಡಿದ ನೆರವು ಬೆಳಕಿಗೆ ಬಂದಿತು. ಸುಲ್ತಾನನ ಗುರುತುಗಳನ್ನಷ್ಟೇ ಯಾರಾದರೂ ಕತ್ತರಿಸಿ ಒಯ್ದಿದ್ದರೆ ಈ ಇತಿಹಾಸವು ನಮಗೆ ದಕ್ಕುತ್ತಿರಲಿಲ್ಲ.

ಚಾಮರಾಜನಗರ ಸೀಮೆಗೆ ಈ ವಿಚಾರ ಹತ್ತಿರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಜನಿಸಿದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅರಮನೆಯ ಕೃಪೆಗೆ ಪಾತ್ರವಾದ ಈ ನಾಡಿನ ಕುದೇರು ಮೊದಲಾದ ಗ್ರಾಮಗಳಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವವರು ಮನೆಯ ಪೆಟ್ಟಿಗೆಗಳಲ್ಲಿರಬಹುದಾದ ಇನಾಮು ಕಾಗದಗಳನ್ನೂ ವಿಚಾರಿಸಬೇಕು. ದೊರೆತ ಪತ್ರದ ಎರಡೂ ಮಗ್ಗುಲಿನ ಛಾಯಾಚಿತ್ರ ತೆಗೆದು, ಅಳತೆ, ಮುದ್ರೆ ಹಾಗೂ ದೊರೆತ ಸ್ಥಳವನ್ನು ದಾಖಲಿಸಿ, ಮೂಲವನ್ನು ಒಡೆಯರ ಬಳಿಯೇ ಬಿಡುವುದು ಅಥವಾ ಅವರ ಒಪ್ಪಿಗೆಯಿಂದ ಪತ್ರಾಗಾರಕ್ಕೆ ಸೇರಿಸುವುದು ಯುಕ್ತ. 75 ವರ್ಷಕ್ಕೂ ಹಳೆಯದಾದ, ಐತಿಹಾಸಿಕ ಮೌಲ್ಯವುಳ್ಳ ದಾಖಲೆಗಳು 1972ರ ಕಾಯಿದೆಯಂತೆ ಪ್ರಾಚ್ಯವಸ್ತುಗಳಾಗಿದ್ದು, ಅವುಗಳನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವಂತಿಲ್ಲ.

ಸಂಗ್ರಹಕಾರನ ಆಸಕ್ತಿಯಿಂದಲೂ ಎಷ್ಟೋ ಕಾಗದಗಳು ಒಲೆಗೆ ಬೀಳದೆ ಉಳಿದಿವೆ. ಆ ಆಸಕ್ತಿ ಸಹಿಗಷ್ಟೇ ಸೀಮಿತವಾಗದೆ ಇಡೀ ಪತ್ರಕ್ಕೆ ವಿಸ್ತರಿಸಿದಾಗ ಅವನೂ ಇತಿಹಾಸಕಾರನ ಸಹಾಯಕನಾಗುತ್ತಾನೆ.