ಪಥ್ಯ ಹೇಳಲು ಪರವಾನಗಿ ಬೇಕೆ?

ತೊಗರ್ಸಿ ಕಡೆಯ ಮನೆಗಳಲ್ಲಿ ಯಾರಿಗಾದರೂ ಕಾಮಾಲೆ ಬಂತೆಂದರೆ ಮದ್ದಿಗಿಂತ ಮೊದಲು ಪಥ್ಯದ ಮಾತು ಬರುತ್ತದೆ. ಎಣ್ಣೆ ಬೇಡ, ಕರಿದದ್ದು ಬೇಡ, ಮಜ್ಜಿಗೆ ಅನ್ನ ಸಾಕು. ಬಾಣಂತಿಗೆ ಮೆಣಸು-ಬೆಳ್ಳುಳ್ಳಿ ಸಾರು, ಮೈ ಉಷ್ಣವಾದವರಿಗೆ ಒಂದೆಲಗದ ತಂಬುಳಿ, ಗಾಯವಾದವರಿಗೆ ಬದನೆಕಾಯಿ ನಂಜು. ಹೇಳುವವರು ಅಜ್ಜಿ, ಸೂಲಗಿತ್ತಿ, ನಾಟಿ ವೈದ್ಯರು, ಒಮ್ಮೊಮ್ಮೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರು. ಪರವಾನಗಿ ಎಲ್ಲಿ ಎಂದು ಯಾರೂ ಕೇಳುವುದಿಲ್ಲ.

ಶಿಕಾರಿಪುರ, ಸೊರಬದ ಈ ಸೀಮೆಗೆ ಊಟ ಮತ್ತು ಔಷಧದ ನಂಟು ಹೊಸದಲ್ಲ. ತೊಗರ್ಸಿಗೆ ದೂರವಲ್ಲದ ಬಳ್ಳಿಗಾವಿಯಲ್ಲಿ, ಕೇದಾರೇಶ್ವರನ ಸನ್ನಿಧಿಯಲ್ಲಿ, ಕಾಳಾಮುಖ ಶೈವರ ಕೋಡಿಯ ಮಠವಿತ್ತು. ಅದರ ಕೆಲಸವನ್ನು 1162ರ ಶಾಸನ ಬಿಡಿಸಿ ಹೇಳುತ್ತದೆ: ಅಲ್ಲಿ ನಾಲ್ಕು ವೇದ, ಹಲವು ವ್ಯಾಕರಣಗಳ ಓದು ನಡೆಯುತ್ತಿತ್ತು, ದೀನರು, ಕುರುಡರು, ಕಿವುಡರು, ಹಾಡುಗಾರರು, ಕಥೆ ಹೇಳುವವರು, ಜೈನ ಕ್ಷಪಣಕರು ಎಲ್ಲರಿಗೂ ಅನ್ನ ಸಿಗುತ್ತಿತ್ತು, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ಅಲ್ಲೇ. ಶೈವ ಮಠದ ಪಂಕ್ತಿಯಲ್ಲಿ ಜೈನ ಸನ್ಯಾಸಿಗೂ ಎಲೆ! ಪಾಠಶಾಲೆ, ಅನ್ನಛತ್ರ, ಆಸ್ಪತ್ರೆ ಮೂರೂ ಒಂದೇ ಆವರಣದಲ್ಲಿದ್ದಾಗ ಉಣ್ಣುವ ಮಾತು ಯಾವ ಕೋಣೆಯದು ಎಂದು ಗೆರೆ ಎಳೆಯುವುದು ಕಷ್ಟವೇ.

ಅದಕ್ಕೂ ಮೊದಲು, 1025ರ ಸುಮಾರಿಗೆ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಬರೆದಿದ್ದ. ಅಡುಗೆ, ಔಷಧ, ಮರಗಿಡ, ಅಂತರ್ಜಲ ಎಲ್ಲವೂ ಅದರಲ್ಲಿವೆ, ಅದೂ ಕನ್ನಡದಲ್ಲಿ. ಇನ್ನೂ ಹಿಂದೆ, ರಾಷ್ಟ್ರಕೂಟ ಅಮೋಘವರ್ಷನ ಸಭೆಯಲ್ಲಿ ಜೈನ ವೈದ್ಯ ಉಗ್ರಾದಿತ್ಯ ಮದ್ದಿಗೆ ಮಾಂಸ ಬೇಕಿಲ್ಲ ಎಂದು ವಾದಿಸಿದನೆಂದು ಅವನ ‘ಕಲ್ಯಾಣಕಾರಕ’ವೇ ಹೇಳುತ್ತದೆ. ಅವನ ಮಾತನ್ನು ಒಪ್ಪಬಹುದು, ಬಿಡಬಹುದು. ಆಹಾರದ ಜಗಳ ಆಗ ಸಭೆಯಲ್ಲಿ ವಾದವಾಗಿ ನಡೆಯಿತು ಎಂಬುದು ಇಲ್ಲಿ ಮುಖ್ಯ.

ಪಟ್ಟಿ, ನೋಂದಣಿ, ಪ್ರಮಾಣಪತ್ರಗಳು ಇಪ್ಪತ್ತನೆಯ ಶತಮಾನದವು. ಮೈಸೂರಿನಲ್ಲಿ 1908ರಲ್ಲಿ ಆಯುರ್ವೇದ ಕಾಲೇಜು ತೆರೆಯಿತು. ಆಗ ಶಿಕಾರಿಪುರ ಮೈಸೂರು ಸಂಸ್ಥಾನದ್ದು, ಪಕ್ಕದ ಹಿರೇಕೆರೂರು ಮುಂಬೈ ಪ್ರಾಂತ್ಯದ್ದು. ಆ ಪ್ರಾಂತ್ಯ 1938ರಲ್ಲಿ ವೈದ್ಯರ ನೋಂದಣಿಗೆ ಕಾಯ್ದೆ ಮಾಡಿತು. ಕಷಾಯ ಒಂದೇ, ಕಾನೂನು ಎರಡು. ಏಕೀಕರಣವಾದ ಮೇಲೆ 1961ರ ರಾಜ್ಯ ಕಾಯ್ದೆ ಬಂತು, 1970ರಲ್ಲಿ ಕೇಂದ್ರದ್ದು. 2018ರಲ್ಲಿ ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ, ವಿದ್ಯಾರ್ಹತೆಯಿಲ್ಲದೆ ವೈದ್ಯವೃತ್ತಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. 2021ರ ಇನ್ನೊಂದು ಕೇಂದ್ರ ಕಾಯ್ದೆ ಡಯಟೀಷಿಯನ್ನರನ್ನೂ ಪೌಷ್ಟಿಕತಜ್ಞರನ್ನೂ ನೋಂದಣಿಯ ಚೌಕಟ್ಟಿಗೆ ತಂದಿತು.

ಇದರಲ್ಲಿ ನ್ಯಾಯವಿಲ್ಲವೆಂದಲ್ಲ. ಪದವಿಯಿಲ್ಲದವರು ಪದವಿಯ ಹೆಸರು ಹಾಕಿಕೊಂಡರೆ ಅದು ಮೋಸ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಬಿಡಿಸಿದರೆ ಅದು ಜೀವಕ್ಕೇ ಕುತ್ತು. ಅಂಥದ್ದಕ್ಕೆ ಶಿಕ್ಷೆ ಆಗಲಿ. ಆದರೆ ವೃತ್ತಿಗೆ ಹಾಕಿದ ಬೇಲಿ ಬರೀ ಮಾತಿನವರೆಗೂ ಸರಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಉದಾಹರಣೆಯಿದೆ. ನಾರ್ತ್ ಕೆರೊಲಿನಾದ ಸ್ಟೀವ್ ಕುಕ್ಸಿ ಅನ್ನ-ರೊಟ್ಟಿಯಂಥ ಪಿಷ್ಟದ ಆಹಾರ ಕಡಿಮೆ ಮಾಡಿ ತಮ್ಮ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತಂದುಕೊಂಡಿದ್ದರು. ಅಂತರ್ಜಾಲದಲ್ಲಿ ಕೇಳಿದವರಿಗೂ ಅದನ್ನೇ ಹೇಳುತ್ತಿದ್ದರು. ರಾಜ್ಯದ ಆಹಾರತಜ್ಞರ ಮಂಡಳಿ ಅವರ ಬರಹದ ಮೇಲೆ ಮೇಷ್ಟ್ರಂತೆ ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿತು. 2012ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು. 2015ರಲ್ಲಿ ರಾಜಿಯಾಗಿ ಮಂಡಳಿ ತನ್ನ ನಿಯಮ ಸಡಿಲಿಸಿತು. ಆದರೆ ಫ್ಲಾರಿಡಾದಲ್ಲಿ ಪರವಾನಗಿಯಿಲ್ಲದೆ ಹಣ ಪಡೆದು ಆಹಾರದ ಸಲಹೆ ಕೊಡುತ್ತಿದ್ದ ಮಹಿಳೆಯೊಬ್ಬರ ಮೊಕದ್ದಮೆಯಲ್ಲಿ 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಪರವಾನಗಿ ಕಾಯ್ದೆಯ ಪರವೇ ನಿಂತಿತು.

ಹಳ್ಳಿಯ ಪಥ್ಯದಲ್ಲೂ ತಪ್ಪುಗಳಿದ್ದವು. ಬಾಣಂತಿಗೆ ನೀರು ಕೊಡಬಾರದು, ಭೇದಿಯಾದ ಮಗುವಿಗೆ ನೀರು ನಿಲ್ಲಿಸಬೇಕು ಎಂಬ ನಂಬಿಕೆಗಳು ಮಾಡಿದ ಹಾನಿ ಸಣ್ಣದಲ್ಲ. ಇವು ಅಜ್ಜಿಯ ಬಾಯಿ ಮುಚ್ಚಿಸಿದ್ದರಿಂದ ಸಡಿಲಲಿಲ್ಲ. 1971ರಲ್ಲಿ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸ್ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ಆಮೇಲೆ ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು ಮನೆ ಮನೆಗೆ ಹೋಗಿ ಚಿಟಿಕೆ ಉಪ್ಪು, ಹಿಡಿ ಬೆಲ್ಲದ ಲೆಕ್ಕ ಕಲಿಸಿದರು. ಅವರಾರೂ ಆಹಾರ ವಿಜ್ಞಾನದ ಪದವೀಧರರಲ್ಲ.

ನಮ್ಮ ಅಂಗನವಾಡಿಯೂ ಇದೇ ದಾರಿಯದು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಈ ಯೋಜನೆಗೆ ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ತಿರುಮಕೂಡಲು ನರಸೀಪುರ. ಊರಿನದೇ ಹೆಣ್ಣುಮಗಳು ಕಾರ್ಯಕರ್ತೆ. ತೂಕ ನೋಡುವುದು, ಏನು ಉಣ್ಣಬೇಕೆಂದು ಹೇಳುವುದು ಅವಳದೇ ಕೆಲಸ.

2017ರಲ್ಲಿ ರಾಜ್ಯದಾದ್ಯಂತ ‘ಮಾತೃಪೂರ್ಣ’ ಬಂದಾಗ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂದಾಯಿತು. ಬಾಣಂತನದಲ್ಲಿ ಹೊಸ್ತಿಲು ದಾಟಬಾರದೆಂಬ ರೂಢಿ ಅಡ್ಡ ಬಂತು. ಇಂಥ ಕಡೆ ಸುತ್ತೋಲೆ ಓದಿ ಹೇಳಿದರೆ ನಡೆಯುವುದಿಲ್ಲ. ಕಾರ್ಯಕರ್ತೆ ಮನೆಗೆ ಹೋಗಿ ಜಗುಲಿಯ ಮೇಲೆ ಕೂತು, ಮೆಣಸಿನ ಸಾರಿನ ಜೊತೆ ಮೊಟ್ಟೆಯೂ ಇರಲಿ, ನೀರೂ ಕುಡಿಸಿ ಎಂದು ಅಜ್ಜಿಯ ಹತ್ತಿರವೇ ಮಾತಾಡಬೇಕು.