ಎತ್ತುವ ಭಾರಕ್ಕೊಂದು ಲೆಕ್ಕ
(ಬಲವರ್ಧನೆಯ ತರಬೇತಿ ವೃತ್ತಿಯಾದ ಕಥೆ)

ಹಳೆಯ ಗರಡಿ ಮನೆಯ ಅಂಗಳದಲ್ಲಿ ನುಣುಪಾದ ಗುಂಡುಕಲ್ಲೊಂದು ಬಿದ್ದಿರುವುದನ್ನು ನೀವು ನೋಡಿರಬಹುದು. ಅದನ್ನು ಹೆಗಲಿಗೇರಿಸಿದವನು ಗೆದ್ದ, ಏರಿಸಲಾರದವನು ಸೋತ. ಸೋತವನು ಏನು ಮಾಡಬೇಕು? ಕಲ್ಲಿನ ತೂಕವನ್ನು ಅವನಿಗಾಗಿ ಕಡಿಮೆ ಮಾಡಲಾಗದು. ಇಂದಿನ ಜಿಮ್ಮಿನಲ್ಲಿ ಹೀಗಿಲ್ಲ. ಅಲ್ಲಿ ಕಬ್ಬಿಣದ ಸರಳಿನ ಎರಡು ತುದಿಗೂ ಬೇಕಾದ ತೂಕದ ಬಿಲ್ಲೆಗಳನ್ನು ತೊಡಿಸಬಹುದು. ಇವತ್ತು 20 ಕಿ.ಗ್ರಾಂ., ಮುಂದಿನ ವಾರ ಇಪ್ಪತ್ತೆರಡೂವರೆ.

ಕಲ್ಲಿಗೂ ಬಿಲ್ಲೆಗೂ ಇರುವ ಈ ವ್ಯತ್ಯಾಸ ಚಿಕ್ಕದೆನಿಸಬಹುದು. ಆದರೆ ಬಲವರ್ಧನೆಯ ತರಬೇತುದಾರ ಎಂಬ ವೃತ್ತಿ ಹುಟ್ಟಿದ್ದೇ ಅದರಿಂದ. ಕಲ್ಲು ಬಲವನ್ನು ಪರೀಕ್ಷಿಸುತ್ತದೆ. ಅಳೆದು ಏರಿಸುವ ಭಾರ ಬಲವನ್ನು ಬೆಳೆಸುತ್ತದೆ.

ಕರು ಹೊತ್ತ ಮಲ್ಲ

ಏರುವ ಭಾರದ ಕಲ್ಪನೆ ಹಳೆಯದು. ಕ್ರಿ.ಪೂ. 6ನೆಯ ಶತಮಾನದಲ್ಲಿ ಕ್ರೋಟನ್ ಎಂಬ ಗ್ರೀಕ್ ನಗರದಲ್ಲಿ ಮೈಲೊ ಎಂಬ ಕುಸ್ತಿಪಟು ಇದ್ದ. ಅವನು ಎಳೆಗರುವೊಂದನ್ನು ದಿನವೂ ಹೊರುತ್ತ ಹೋದನಂತೆ; ಕರು ಬೆಳೆದು ಹೋರಿಯಾದಾಗಲೂ ಹೊರುತ್ತಿದ್ದನಂತೆ! ಕಥೆಯನ್ನು ಅಕ್ಷರಶಃ ನಂಬಬೇಕಿಲ್ಲ. ಕರುವಿನ ತೂಕ ಏರುವ ವೇಗಕ್ಕೂ ಮಲ್ಲನ ಸ್ನಾಯು ಬಲಿಯುವ ವೇಗಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ತತ್ತ್ವ ಸರಿಯಾಗಿದೆ. ಕೊರತೆಯಿದ್ದದ್ದು ಅಳತೆಯದು.

19ನೆಯ ಶತಮಾನದ ಕೊನೆಗೆ ಯೂಜೆನ್ ಸ್ಯಾಂಡೊ (1867-1925) ಬಂದ. ಪ್ರಷ್ಯದಲ್ಲಿ ಹುಟ್ಟಿದ ಈತ ರಂಗದ ಮೇಲೆ ಬಲ ಪ್ರದರ್ಶಿಸಿ ಹೆಸರು ಮಾಡಿದವನು. 1897ರಲ್ಲಿ ಲಂಡನ್ನಿನಲ್ಲಿ ವ್ಯಾಯಾಮ ಕಲಿಸುವ ಸಂಸ್ಥೆಯನ್ನೇ ತೆರೆದ. ಪ್ರದರ್ಶನಕಾರ ಹೀಗೆ ಶಿಕ್ಷಕನಾದ. 1902ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಆ್ಯಲನ್ ಕ್ಯಾಲ್ವರ್ಟ್ ತೂಕ ಬದಲಿಸಬಹುದಾದ ಬಾರ್‌ಬೆಲ್‌ಗಳನ್ನು ತಯಾರಿಸಿ ಮಾರತೊಡಗಿದ. ಅವನ ಕಂಪನಿಯ ಹೆಸರೇನು ಗೊತ್ತೆ? ಮೈಲೊ!

ಸ್ಯಾಂಡೊ 1904-05ರಲ್ಲಿ ಭಾರತಕ್ಕೂ ಬಂದಿದ್ದ. ಇಲ್ಲಿ ದಂಡ, ಬಸ್ಕಿ, ಗದೆಗಳ ಸ್ವಂತ ಪರಂಪರೆಯೇ ಇತ್ತು. ಹಳೆಯದನ್ನೂ ಹೊಸದನ್ನೂ ಬೆಸೆದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ (1897-1980) ಪ್ರಮುಖರು. 'ಶಾಂತಲಾ' ಕಾದಂಬರಿಯ ಕರ್ತೃವಾಗಿ ನೀವು ಅವರನ್ನು ಬಲ್ಲಿರಿ. ಅವರ ವೃತ್ತಿ ಮಾತ್ರ ಅಂಗಸಾಧನೆ ಕಲಿಸುವುದು. ಬಾರ್‌ಬೆಲ್ಲಿನ ಜೊತೆ ಆಸನ, ಸೂರ್ಯನಮಸ್ಕಾರಗಳನ್ನೂ ಅವರು ಹೇಳಿಕೊಡುತ್ತಿದ್ದರು. ದೂರದವರಿಗೆ ಅಂಚೆಯ ಮೂಲಕ ಪಾಠ ಕಳಿಸುತ್ತಿದ್ದರು. ದೇಹಸಾಧನೆಯ ಶಿಕ್ಷಣವನ್ನೇ ನಂಬಿ ಬದುಕು ಕಟ್ಟಿಕೊಳ್ಳಬಹುದೆಂದು ನಮ್ಮ ನಾಡಿಗೆ ತೋರಿಸಿದವರು ಅವರು.

ಆಸ್ಪತ್ರೆಯಲ್ಲಿ ಸಿಕ್ಕ ಸೂತ್ರ

ಇಷ್ಟಾದರೂ ವೈದ್ಯರಿಗೆ ಭಾರ ಎತ್ತುವವರ ಮೇಲೆ ವಿಶ್ವಾಸವಿರಲಿಲ್ಲ. ಅದು ಬದಲಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಸೇನಾ ಆಸ್ಪತ್ರೆಗಳು ಮೂಳೆ, ಕೀಲುಗಳಿಗೆ ಪೆಟ್ಟಾದ ಸೈನಿಕರಿಂದ ತುಂಬಿದ್ದವು. ಸೊರಗಿದ ಕಾಲಿಗೆ ಹಗುರ ವ್ಯಾಯಾಮವನ್ನು ಬಹಳ ಸಲ ಮಾಡಿಸುವುದು ಆಗಿನ ಪದ್ಧತಿ. ಚೇತರಿಕೆ ನಿಧಾನವಾಗಿತ್ತು, ಹಾಸಿಗೆಗಳು ತೆರವಾಗುತ್ತಿರಲಿಲ್ಲ.

ಷಿಕಾಗೊದ ಗಾರ್ಡಿನರ್ ಸೇನಾ ಆಸ್ಪತ್ರೆಯಲ್ಲಿ ಥಾಮಸ್ ಡಿಲಾರ್ಮ್ ಎಂಬ ಯುವ ವೈದ್ಯನಿದ್ದ. ಚಿಕ್ಕವನಾಗಿದ್ದಾಗ ರುಮ್ಯಾಟಿಕ್ ಜ್ವರದಿಂದ ಬಳಲಿ, ಬಳಿಕ ಭಾರ ಎತ್ತಿಯೇ ಬಲ ಮರಳಿ ಪಡೆದವನು. ಸಾಮಾನ್ಯ ಪದ್ಧತಿಯನ್ನು ತಲೆಕೆಳಗು ಮಾಡಿ, ಹೆಚ್ಚು ಭಾರವನ್ನು ಕೆಲವೇ ಸಲ ಎತ್ತಿಸಿದ. ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದ. 1948ರಲ್ಲಿ ಆರ್ಥರ್ ವಾಟ್ಕಿನ್ಸ್ ಜೊತೆ ಸೇರಿ ವಿಧಾನವನ್ನು ಇನ್ನಷ್ಟು ಸರಳಗೊಳಿಸಿದ.

ವಿಧಾನ ಹೀಗಿದೆ. ಒಬ್ಬ ವ್ಯಕ್ತಿ ಸರಿಯಾಗಿ 10 ಸಲ ಎತ್ತಬಲ್ಲ, 11ನೆಯ ಸಲ ಎತ್ತಲಾರದ ಭಾರವನ್ನು ಕಂಡುಹಿಡಿಯಬೇಕು. ಅದು 20 ಕಿ.ಗ್ರಾಂ. ಎನ್ನೋಣ. ಮೊದಲ ಸರದಿಯಲ್ಲಿ ಅದರ ಅರ್ಧ, ಅಂದರೆ 10 ಕಿ.ಗ್ರಾಂ.; ಎರಡನೆಯದರಲ್ಲಿ ಮುಕ್ಕಾಲು, ಅಂದರೆ 15; ಮೂರನೆಯದರಲ್ಲಿ ಪೂರ್ತಿ 20. ಪ್ರತಿ ಸರದಿಯಲ್ಲೂ 10 ಸಲ ಎತ್ತಬೇಕು. ಬಲ ಹೆಚ್ಚಿದಂತೆ ಹೊಸದಾಗಿ ಅಳೆದು ಭಾರ ಏರಿಸಬೇಕು. ಗಮನಿಸಿ: ಇಲ್ಲಿ ಭಾರಕ್ಕೆ ಔಷಧದಂತೆ ಒಂದು ಪ್ರಮಾಣ ಬಂತು. ಆ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಮೈಲೊನ ಕರುವಿಗೆ ಕೊನೆಗೂ ತಕ್ಕಡಿ ಸಿಕ್ಕಿತು!

ಗಡಿಯಾರ ಕೊಟ್ಟ ತೀರ್ಪು

ಇನ್ನೊಂದು ತಪ್ಪು ನಂಬಿಕೆ ಕ್ರೀಡಾಂಗಣದಲ್ಲಿ ಬೇರೂರಿತ್ತು. ಭಾರ ಎತ್ತಿದರೆ ಸ್ನಾಯು ಬಿಗಿದು ಆಟಗಾರ ನಿಧಾನವಾಗುತ್ತಾನೆ ಎಂಬುದು ಅದು. ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಶರೀರಕ್ರಿಯಾ ತಜ್ಞ ಪೀಟರ್ ಕಾರ್ಪೊವಿಚ್ ಈ ಪ್ರಶ್ನೆಯನ್ನು ವಾದಕ್ಕೆ ಬಿಡದೆ ಗಡಿಯಾರಕ್ಕೆ ಒಪ್ಪಿಸಿದ. ಅವನೂ ವಿಲಿಯಂ ಜೋರ್ಬಾಸನೂ 300 ಮಂದಿ ಭಾರ ಎತ್ತುವವರು ಮತ್ತು 300 ಮಂದಿ ಎತ್ತದವರು ತೋಳನ್ನು ಎಷ್ಟು ವೇಗವಾಗಿ ತಿರುಗಿಸಬಲ್ಲರೆಂದು ಅಳೆದರು. 1951ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಭಾರ ಎತ್ತುವವರೇ ವೇಗಿಗಳು.

ನ್ಯೂಟನ್ನನ ಎರಡನೆಯ ನಿಯಮ ತಿಳಿದ ನಿಮಗೆ ಇದರಲ್ಲಿ ಆಶ್ಚರ್ಯವಿರಬಾರದು. ದ್ರವ್ಯರಾಶಿ ಅಷ್ಟೇ ಇದ್ದು ಬಲ ಹೆಚ್ಚಿದರೆ ವೇಗೋತ್ಕರ್ಷವೂ ಹೆಚ್ಚಬೇಕಲ್ಲವೆ? ಆದರೆ ಸ್ನಾಯು ಅಷ್ಟು ಸರಳ ಯಂತ್ರವಲ್ಲ. ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ನಡೆಸಿದ ಎ.ವಿ. ಹಿಲ್, ಸ್ನಾಯು ವೇಗವಾಗಿ ಸಂಕುಚಿಸಿದಷ್ಟೂ ಅದು ಕೊಡಬಲ್ಲ ಬಲ ಕಡಿಮೆಯಾಗುತ್ತದೆ ಎಂದು 1938ರಲ್ಲೇ ತೋರಿಸಿದ್ದ. ಹಾಗಾಗಿ ಬಲ ಬೇರೆ, ಸಾಮರ್ಥ್ಯ ಬೇರೆ. 60 ಕಿ.ಗ್ರಾಂ. ಭಾರವನ್ನು ಅರ್ಧ ಮೀಟರ್ ಎತ್ತಲು ಆಗುವ ಕೆಲಸ 60 × 9.8 × 0.5, ಅಂದರೆ 294 ಜೂಲ್. 2 ಸೆಕೆಂಡಿನಲ್ಲಿ ಎತ್ತಿದರೆ ಸರಾಸರಿ ಸಾಮರ್ಥ್ಯ 147 ವ್ಯಾಟ್. ಅರ್ಧ ಸೆಕೆಂಡಿನಲ್ಲಿ ಎತ್ತಿದರೆ 588 ವ್ಯಾಟ್. ಗುಂಡು ಎಸೆಯುವವನಿಗೂ ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದ ಎದ್ದವನಿಗೂ ಒಂದೇ ಪಾಠ ಏಕೆ ಸಲ್ಲದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಹುದ್ದೆಯಾದ ಬಗೆ

1969ರಲ್ಲಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಬಾಯ್ಡ್ ಎಪ್ಲಿ ಎಂಬ ವಿದ್ಯಾರ್ಥಿಯಿದ್ದ. ಕೋಲು ಜಿಗಿತದ ಪಟುವಾಗಿದ್ದ ಅವನು ಬೆನ್ನಿನ ಪೆಟ್ಟಿನಿಂದಾಗಿ ಭಾರ ಎತ್ತುವ ಕೋಣೆ ಸೇರಿದ್ದ. ಅವನೊಡನೆ ಅಭ್ಯಾಸ ಮಾಡಿದ ಗಾಯಾಳು ಫುಟ್‌ಬಾಲ್ ಆಟಗಾರರು ಹೆಚ್ಚು ಬಲಶಾಲಿಗಳಾಗಿ ಮರಳುತ್ತಿದ್ದರು. ಇದನ್ನು ಕಂಡ ತಂಡದವರು ಅವನನ್ನೇ ತರಬೇತುದಾರನಾಗಿ ನೇಮಿಸಿದರು. ಮುಖ್ಯ ತರಬೇತುದಾರ ಬಾಬ್ ಡಿವೇನಿ ಹಾಕಿದ ಷರತ್ತು, ಯಾವನೇ ಆಟಗಾರ ನಿಧಾನವಾದರೂ ಕೆಲಸ ಹೋಯಿತು ಎಂದು! ಹಳೆಯ ನಂಬಿಕೆ ಇನ್ನೂ ಸತ್ತಿರಲಿಲ್ಲ, ನೋಡಿ. ಸಂಬಳ ಗಂಟೆಗೆ 2 ಡಾಲರ್. 1970 ಮತ್ತು 1971ರಲ್ಲಿ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಗೆಲುವಿಗೆ ಭಾರವೊಂದೇ ಕಾರಣವೆನ್ನಲಾಗದು, ನಿಜ. ಆದರೆ ಬೇರೆ ವಿಶ್ವವಿದ್ಯಾಲಯಗಳೂ ಇಂಥ ಹುದ್ದೆ ತೆರೆದವು. 1978ರಲ್ಲಿ ಎಪ್ಲಿಯ ಮುಂದಾಳುತನದಲ್ಲಿ ಅವರದೇ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. 1985ರಿಂದ ಪರೀಕ್ಷೆ, ಪ್ರಮಾಣಪತ್ರಗಳೂ ಬಂದವು.

ಎಪ್ಲಿಯ ಹೆಸರಿನ ಸೂತ್ರವೊಂದಿದೆ. ಎತ್ತಿದ ಸಲಗಳನ್ನು 30ರಿಂದ ಭಾಗಿಸಿ, 1 ಕೂಡಿಸಿ, ಭಾರದಿಂದ ಗುಣಿಸಿ. ಒಂದೇ ಒಂದು ಸಲ ಎತ್ತಬಲ್ಲ ಗರಿಷ್ಠ ಭಾರದ ಅಂದಾಜು ಸಿಗುತ್ತದೆ. 60 ಕಿ.ಗ್ರಾಂ. ಅನ್ನು 10 ಸಲ ಎತ್ತಬಲ್ಲವನಿಗೆ ಅದು 80 ಕಿ.ಗ್ರಾಂ. ಆದರೆ ಸೂತ್ರವನ್ನು ಕಣ್ಣುಮುಚ್ಚಿ ನಂಬಬೇಡಿ. 60 ಕಿ.ಗ್ರಾಂ. ಅನ್ನು ಒಂದೇ ಸಲ ಎತ್ತಬಲ್ಲವನಿಗೆ ಉತ್ತರ ಎಷ್ಟು ಬರುತ್ತದೆ? 62! ಅವನ ಗರಿಷ್ಠವೇ 60 ಅಲ್ಲವೆ? ಅನುಭವದಿಂದ ಹೆಣೆದ ಸೂತ್ರಕ್ಕೆ ಮಿತಿಗಳಿರುತ್ತವೆ. ಅವನ್ನು ಅರಿಯುವುದೂ ತರಬೇತುದಾರನ ಕೆಲಸ.

ಕನ್ನಡಿಯೋ, ಪುಸ್ತಕವೋ?

1979ರಲ್ಲಿ ಮೋರಿತಾನಿ ಮತ್ತು ಡಿವ್ರೀಸ್ ಎಂಬ ಸಂಶೋಧಕರು ಸ್ನಾಯುವಿನ ವಿದ್ಯುತ್ ಸಂಜ್ಞೆಗಳನ್ನು ಅಳೆದು ಒಂದು ಸ್ವಾರಸ್ಯಕರ ಅಂಶ ಕಂಡರು. ಅಭ್ಯಾಸದ ಮೊದಲ ವಾರಗಳಲ್ಲಿ ಬಲ ಹೆಚ್ಚುವುದು ಮುಖ್ಯವಾಗಿ ನರಮಂಡಲದ ಹೊಂದಾಣಿಕೆಯಿಂದ. ಸ್ನಾಯು ದಪ್ಪವಾಗುವುದರ ಪಾಲು ಆಮೇಲಿನದು. ಅಂದರೆ ಮೊದಲ ತಿಂಗಳ ಪ್ರಗತಿ ಕನ್ನಡಿಯಲ್ಲಿ ಕಾಣುವುದಿಲ್ಲ. ದಿನದಿನದ ಭಾರ ಬರೆದಿಟ್ಟ ಪುಸ್ತಕದಲ್ಲಿ ಕಾಣುತ್ತದೆ.

ಇದು ಬರಿಯ ಸ್ವಾರಸ್ಯದ ಮಾತಲ್ಲ. ಕನ್ನಡಿಯನ್ನೇ ನಂಬಿದ ಯುವಕ ಬೇಸತ್ತು ಅವಸರಪಡುತ್ತಾನೆ. ಕೆಲವರು ಸ್ಟೆರಾಯ್ಡ್ ಚುಚ್ಚುಮದ್ದಿನತ್ತ ತಿರುಗುತ್ತಾರೆ. ಅದು ಹೃದಯ, ಯಕೃತ್ತುಗಳಿಗೆ ಹಾನಿ ಮಾಡಬಲ್ಲದು. ಇನ್ನು ಕೆಲವರು ಮೊದಲ ದಿನವೇ ಮಿತಿಮೀರಿ ಎತ್ತುತ್ತಾರೆ. ಆಗ ಸ್ನಾಯುತಂತುಗಳು ಒಡೆದು, ಮಯೊಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ಸೇರಿ, ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಅಪಾಯವೂ ಉಂಟು. ಇವರನ್ನು ತಡೆಯಬೇಕಾದವನು ಪಕ್ಕದಲ್ಲಿ ನಿಂತ ತರಬೇತುದಾರ. ಅವನಿಗೆ ಕಟ್ಟುಮಸ್ತಾದ ಮೈಯೊಂದೇ ಅರ್ಹತೆಯಾದರೆ ನಾವು ಮತ್ತೆ ಗುಂಡುಕಲ್ಲಿನ ಕಾಲಕ್ಕೆ ಮರಳಿದಂತೆ.

ಸರಿಯಾದ ಮಾರ್ಗದರ್ಶನ ಏನು ಮಾಡಬಲ್ಲದು? ಭುಜದ ತೊಂದರೆಯಿದ್ದ ಮೀರಾಬಾಯಿ ಚಾನು 2020ರಲ್ಲಿ ಅಮೆರಿಕಕ್ಕೆ ಹೋಗಿ, ಮಾಜಿ ಭಾರ ಎತ್ತುಗ ಹಾಗೂ ದೈಹಿಕ ಚಿಕಿತ್ಸಕ ಏರನ್ ಹಾರ್ಷಿಗ್ ಬಳಿ ದೋಷ ತಿದ್ದಿಸಿಕೊಂಡರು. 2021ರ ಏಪ್ರಿಲ್‌ನಲ್ಲಿ ಕ್ಲೀನ್ ಅಂಡ್ ಜರ್ಕ್ ವಿಭಾಗದಲ್ಲಿ 119 ಕಿ.ಗ್ರಾಂ. ಎತ್ತಿ ವಿಶ್ವದಾಖಲೆ ಮಾಡಿದರು. ಅದೇ ವರ್ಷ ಟೋಕಿಯೊದಲ್ಲಿ ಒಟ್ಟು 202 ಕಿ.ಗ್ರಾಂ. ಎತ್ತಿ ಬೆಳ್ಳಿಪದಕ ಗೆದ್ದರು.

ಶಿಕ್ಷಕರೇ, ನಿಮ್ಮ ವಿದ್ಯಾರ್ಥಿಯೊಬ್ಬ ಜಿಮ್ ತರಬೇತುದಾರನಾಗುತ್ತೇನೆ ಎಂದರೆ ಓದಿನಲ್ಲಿ ಹಿಂದುಳಿದವನ ದಾರಿಯೆಂದು ನಗಬೇಡಿ. ಸನ್ನೆ, ಭ್ರಾಮಕ, ಕೆಲಸ, ಸಾಮರ್ಥ್ಯಗಳನ್ನು ಅವನಿಗೆ ಇನ್ನಷ್ಟು ಚೆನ್ನಾಗಿ ಕಲಿಸಿ. ಸ್ನಾಯು, ನರ, ಮೂಳೆಗಳ ಪಾಠವನ್ನು ಬಿಡದೆ ಓದಿಸಿ. ನಾಳೆ ಅವನು ಹೇಳಿದ ಭಾರವನ್ನು ಯಾರೋ ಒಬ್ಬರು ನಂಬಿ ಎತ್ತುತ್ತಾರೆ. ಆ ಸಂಖ್ಯೆ ಲೆಕ್ಕದಿಂದ ಬಂದಿರಲಿ.